ಬಾಜೂಕ ಅಂದ್ರ ನಗ್ತಾರ್ರಿ

ಪ್ರಶ್ನೆ: ನಮ್ದು ಕಲಬುರಗಿ, ಈಗ ಬೆಂಗಳೂರಾಗ ಕೆಲ್ಸ. ಮೊನ್ನೆ ಆಫೀಸ್ನಾಗ "ಫೈಲ್ ಪ್ರಿಂಟರ್ ಬಾಜೂಕ ಇಟ್ಟೀನಿ" ಅಂದೆ, ಎಲ್ಲಾರೂ ನಕ್ಕರು. ಅದು ಕನ್ನಡಾನೇ ಅಲ್ಲ, ಪಕ್ಕ ಅನ್ನು ಅಂತ ಒಬ್ರು ತಿದ್ದಿದ್ರು. ಈ ಬಾಜು ಎಲ್ಲಿಂದ ಬಂತ್ರಿ? ಮದುವಿ ಬಾಜಾಕ್ಕೂ ಇದಕ್ಕೂ ಏನರ ಸಂಬಂಧ ಅದೇನು?

ಉತ್ತರ: ಬಾಜಾದ್ದು ಮೊದ್ಲ ಮುಗಿಸ್ತೀನಿ, ಸಂಬಂಧ ಇಲ್ಲ, ಅದು ವಾದ್ಯ ಅನ್ನೋದು ಸವೆದು ಆಗಿದ್ದು. ನಿಮ್ಮ ಬಾಜು ಪಾರ್ಸಿದು, ಅಲ್ಲಿ ಅದಕ್ಕ ತೋಳು ಅಂತ ಅರ್ಥ. ಅಜ್ಜಿ ರಟ್ಟಿಗಿ ಕಟ್ತಿದ್ದ ಬಾಜೂಬಂದ ನೆನಪದ ಅಲಾ, ಅದರಾಗಿನ ಬಾಜೂನೇ ಇದು. ತೋಳು ಇರೋದು ಮೈಯ ಒಂದು ಕಡಿಗಿ, ಹಂಗಾಗಿ ಹಿಂದಿ, ಮರಾಠಿ, ದಖನಿಯೊಳಗ ಅದಕ್ಕ ಕಡಿ, ಮಗ್ಗಲ ಅನ್ನೋ ಅರ್ಥ ಹತ್ತಿತು. 1347ರಾಗ ಬಹಮನಿ ರಾಜ್ಯ ಶುರುವಾಗಿ ಕಲಬುರಗಿ ರಾಜಧಾನಿ ಆಯ್ತು, ದರ್ಬಾರದಾಗ ಪಾರ್ಸಿ ನಡೀತಿತ್ತು, ಮುಂದ 1948ರ ತನಕ ನಿಜಾಮರ ಆಳ್ವಿಕಿ, ಬೀದರ ಕಡಿ ಹೋದ್ರ ಮರಾಠಿ ಬಾಜೂಕೇ ಅದ. ಇಷ್ಟೆಲ್ಲ ಇದ್ದ ಮ್ಯಾಲ ಈ ಶಬ್ದ ನಮ್ಮ ಬಾಯಿಗಿ ಬರದೇ ಇದ್ರೇ ಆಶ್ಚರ್ಯ.

ಇನ್ನ ತಿದ್ದಿದವರ 'ಪಕ್ಕ'. ಅದೂ ಹೊರಗಿಂದೇ ಬಂದದ್ದು ನೋಡ್ರಿ! ಸಂಸ್ಕೃತದ ಪಕ್ಷ, ಪ್ರಾಕೃತದಾಗ ಪಕ್ಖ, ಕನ್ನಡಕ್ಕ ಬಂದು ಪಕ್ಕ. ಪಕ್ಷ ಅಂದ್ರ ರೆಕ್ಕಿ. ಅವರು ರೆಕ್ಕಿ ಅಂತಾರ, ನಾವು ತೋಳು ಅಂತೀವಿ, ಅಷ್ಟೇ ಫರಕ್. ಬಗಲಾಗ ಅನ್ನೋದೂ ಪಾರ್ಸಿ, ಅದು ಕಂಕುಳ. ನನಗ ಭಾಳ ಸೇರಿದ್ದು ಏನಂದ್ರ ಪಾರ್ಸಿ ಬಾಜು ಮತ್ತ ಸಂಸ್ಕೃತದ ಬಾಹು ಒಂದೇ ಬೇರಿನವು, ಸಂಸ್ಕೃತದ ಹ ಇದ್ದಲ್ಲಿ ಇರಾನಿ ಭಾಷೆಗೋಳೊಳಗ ಭಾಳ ಸಲ ಝ ಬರ್ತದ, ಅದು ನಮ್ಮ ಬಾಯಾಗ ಜ. ಹಿರಣ್ಯಕ್ಕೂ ಸೀರಿ ಜರಿಗೂ ಹಿಂಗೇ ನಂಟು. ಬಾಹುಬಲಿ ಅಂದ್ರ ಕೈ ಮುಗಿಯೋರು ಬಾಜೂಕ ಅಂದ್ರ ನಗ್ತಾರಲ್ಲ!

ಅಚ್ಚಗನ್ನಡದ್ದೇ ಬೇಕಂದ್ರ ಹತ್ತಿರ ಅದ, ಹತ್ತು ಅಂದ್ರ ಅಂಟು ಅನ್ನೋದರಿಂದ ಬಂದದ್ದು. ಆದ್ರ ಬಾಜೂಕ ಮಾಡೋ ಕೆಲ್ಸ ಅದು ಮಾಡಂಗಿಲ್ಲ. ಶರಣಬಸವೇಶ್ವರ ಗುಡಿ ಹತ್ರ ಮನಿ ಅಂದ್ರ ನಾಕು ಓಣಿ ಆಚೀಕಿನೂ ಇರಬಹುದು, ಗುಡಿ ಬಾಜೂಕ ಅಂದ್ರ ನಡುವ ಇನ್ನೊಂದು ಮನಿ ಇರಬಾರದು. ಆಟೋದವನಿಗಿ ಕೇಳ್ರಿ, ಗೊತ್ತಾಗ್ತದ.

ಮತ್ತ ನಮ್ಮ ಆಜು-ಬಾಜು ಅದಲ್ಲ, ಅದರಾಗ ಆಜುಕ್ಕ ಬ್ಯಾರೆ ಅರ್ಥ ಇಲ್ಲ, ಬಾಜೂಕ ಜೋಡಿ ಅಂತ ಮುಂದ ಹಚ್ಚಿದ್ದು. ಅಕ್ಕಪಕ್ಕದಾಗಿನ ಅಕ್ಕನೂ ಯಾರ ಅಕ್ಕನೂ ಅಲ್ಲ.