ಹುಡುಗರು ರೂಮು ಖಾಲಿ ಮಾಡಿದ ಮೇಲೆ ಬೀದಿಗೆ ಬೀಳುವ ಸಾಮಾನು: ಯಾವುದನ್ನು ಎತ್ತಬಹುದು, ಯಾವುದು ಬೇಡ

ಅಕ್ಕ, ನೀವು ಕೇಳಿದ್ದು ಎರಡು ವಿಷಯ. ಯೂನಿವರ್ಸಿಟಿ ಪರೀಕ್ಷೆ ಮುಗಿದು ಹುಡುಗರು ಮನೆ ಖಾಲಿ ಮಾಡುವ ವಾರ ನಿಮ್ಮ ಬೀದಿಯಲ್ಲಿ ಹಾಸಿಗೆ, ಮೇಜು, ಕಪಾಟು, ಫ್ಯಾನು, ಚಿಕ್ಕ ಫ್ರಿಡ್ಜು ಎಲ್ಲ ರಾಶಿ ಬೀಳುತ್ತದೆ, ಅದರಲ್ಲಿ ನಮ್ಮ ರಿಪೇರಿ ಗುಂಪಿನವರು ಏನನ್ನು ತೆಗೆದುಕೊಳ್ಳಬಹುದು ಅನ್ನುವುದು ಒಂದು. ಈ ರಾಶಿ ಬೀಳದ ಹಾಗೆ ಮಾಡಲು ಏನಾದರೂ ದಾರಿ ಇದೆಯಾ ಅನ್ನುವುದು ಇನ್ನೊಂದು. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಮೂರ್ನಾಲ್ಕು ಜನ "ಈಗಿನ ಹುಡುಗರಿಗೆ ಜವಾಬ್ದಾರಿನೇ ಇಲ್ಲ" ಅಂತ ಬರೆದಿದ್ದಾರೆ. ಇರಬಹುದು. ಆದರೆ ಅಷ್ಟು ಹೇಳಿ ಸುಮ್ನಾದರೆ ಮುಂದಿನ ವರ್ಷವೂ ಅದೇ ರಾಶಿ, ಅದೇ ಬೈಗುಳ.

ನನ್ನ ಪ್ರಕಾರ ಇದು ಸ್ವಭಾವಕ್ಕಿಂತ ಜಾಸ್ತಿ ತಾರೀಖಿನ ಸಮಸ್ಯೆ. ಒಂದೇ ಬಡಾವಣೆಯ ನೂರಾರು ಮನೆಗಳ ಬಾಡಿಗೆ ಕರಾರು ಒಂದೇ ದಿನ ಮುಗಿದರೆ ಏನಾಗುತ್ತದೆ ಅಂತ ನೋಡಬೇಕಾದರೆ ಅಮೆರಿಕದ ಬಾಸ್ಟನ್ ನೋಡಿ. ಅಲ್ಲಿ ವಿದ್ಯಾರ್ಥಿಗಳು ಜಾಸ್ತಿ ಇರುವ ಕಡೆ ಬಹಳಷ್ಟು ಕರಾರುಗಳು ಆಗಸ್ಟ್ 31ಕ್ಕೆ ಮುಗಿದು ಸೆಪ್ಟೆಂಬರ್ 1ಕ್ಕೆ ಹೊಸದು ಶುರು. ಆಲ್‌ಸ್ಟನ್ ಅನ್ನುವ ಬಡಾವಣೆಯಲ್ಲಿ ಫುಟ್‌ಪಾತ್ ಮೇಲೆ ಸಾಮಾನು ಬೀಳುವ ಆ ದಿನಕ್ಕೆ ಜನ ತಮಾಷೆಯಾಗಿ 'ಆಲ್‌ಸ್ಟನ್ ಕ್ರಿಸ್‌ಮಸ್' ಅಂತಲೇ ಹೆಸರಿಟ್ಟಿದ್ದಾರೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಇನ್ನೂ ವಿಚಿತ್ರ. ಅಲ್ಲಿ ಯೂನಿವರ್ಸಿಟಿ ಸುತ್ತಮುತ್ತ ಎಷ್ಟೋ ಮನೆಗಳ ಕರಾರು ಆಗಸ್ಟ್ 14ಕ್ಕೆ ಮುಗಿಯುತ್ತದೆ, ಹೊಸ ಮನೆಯ ಬೀಗದ ಕೈ ಸಿಗುವುದು 15ಕ್ಕೆ. ನಡುವೆ ಒಂದು ರಾತ್ರಿ ಹುಡುಗರಿಗೂ ಮನೆ ಇಲ್ಲ, ಅವರ ಸಾಮಾನಿಗೂ ಮನೆ ಇಲ್ಲ. ಎಂಥ ಶಿಸ್ತಿನವರಾದರೂ ಸೋಫಾ ಎಲ್ಲಿ ಇಡಬೇಕು ಹೇಳಿ?

ಇದರ ಮೇಲೆ ಹಂಚಿಕೊಂಡ ಮನೆಯ ಸಮಸ್ಯೆ ಬೇರೆ. ನಾಲ್ಕು ಜನ ಇರುವ ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ರೂಮು ಖಾಲಿ ಮಾಡುತ್ತಾರೆ, ಆದರೆ ಹಾಲ್‌ನಲ್ಲಿರುವ ಸೋಫಾ ಯಾರದ್ದು? ಹಿಂದಿನ ಬ್ಯಾಚಿನವರು ಬಿಟ್ಟು ಹೋದದ್ದು, ಅಂದರೆ ಯಾರದ್ದೂ ಅಲ್ಲ. ಮೊದಲು ಹೋದವನು ಕೊನೆಗೆ ಹೋಗುವವನು ನೋಡಿಕೊಳ್ಳಲಿ ಅಂತ ಹೋಗುತ್ತಾನೆ, ಕೊನೆಯವನಿಗೆ ಬಸ್ಸಿಗೋ ವಿಮಾನಕ್ಕೋ ಹೊತ್ತಾಗಿರುತ್ತದೆ. ಮನೆ ಖಾಲಿ ಇಲ್ಲದಿದ್ದರೆ ಓನರ್ ಅಡ್ವಾನ್ಸ್ ಹಿಡಿದುಕೊಳ್ಳುತ್ತಾರೆ, ಬೀದಿಯಲ್ಲಿ ಬಿದ್ದಿದ್ದರೆ ಯಾರದ್ದು ಅಂತ ಗೊತ್ತಾಗುವುದಿಲ್ಲ. ಲೆಕ್ಕ ಸುಲಭ ಅಲ್ವಾ. ದೊಡ್ಡ ಸಾಮಾನು ಒಯ್ಯುವ ಗಾಡಿಗೆ ಸಾಮಾನ್ಯವಾಗಿ ಕೆಲವು ದಿನ ಮುಂಚೆಯೇ ಹೇಳಿಡಬೇಕು, ಇವರು ಯೋಚನೆ ಮಾಡುವುದು ಹಿಂದಿನ ರಾತ್ರಿ. ಇನ್ನೊಂದು ಮಾತು, ಬೀದಿಗೆ ಬೀಳುವುದೆಲ್ಲ ಹುಡುಗರು ಹಾಕಿದ್ದೇ ಆಗಿರಬೇಕಿಲ್ಲ. ಅವರು ಒಳಗೆ ಬಿಟ್ಟು ಹೋದದ್ದನ್ನು ಓನರ್ ಕಡೆಯವರು ಹೊರಗೆ ತಂದು ಹಾಕುವುದೂ ಉಂಟು.

ಈಗ ಎತ್ತುವ ವಿಷಯ.

ಮೊದಲು ಕೇಳಿ, ಆಮೇಲೆ ಎತ್ತಿ. ಎಷ್ಟೋ ಊರುಗಳ ನಿಯಮದ ಪ್ರಕಾರ ಕಸದ ಗಾಡಿಗೆ ಅಂತ ಹೊರಗಿಟ್ಟ ಸಾಮಾನು ಸ್ಥಳೀಯ ಆಡಳಿತಕ್ಕೆ ಸೇರುತ್ತದೆ, ಹಾಗೇ ಒಯ್ಯುವಂತಿಲ್ಲ. ಅದಕ್ಕಿಂತ ಮುಖ್ಯ, ಅರ್ಧ ಸಾಮಾನು ಹೊರಗಿಟ್ಟು ಇನ್ನರ್ಧ ತರಲು ಹುಡುಗ ಮೇಲೆ ಹೋಗಿರಬಹುದು! ಮನೆ ಬದಲಾಯಿಸುವ ದಿನ ಬೀದಿಯಲ್ಲಿರುವುದೆಲ್ಲ ಕಸ ಅಲ್ಲ.

ಎರಡನೆಯದು ಹೊತ್ತು. ಹೊರಗೆ ಬಿದ್ದ ಸಾಮಾನಿನ ಆಯುಸ್ಸು ಮೊದಲ ಮಳೆಯವರೆಗೆ ಅಷ್ಟೇ, ಬರೀ ಇಬ್ಬನಿಯೂ ಕೆಲವಕ್ಕೆ ಸಾಕು. ವಿದ್ಯಾರ್ಥಿಗಳ ಮನೆಯ ಅಗ್ಗದ ಮೇಜು, ಕಪಾಟು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್‌ನವು, ಅಂದರೆ ಮರದ ಚೂರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ನೀರು ಕುಡಿದರೆ ಊದುತ್ತದೆ, ಒಣಗಿದ ಮೇಲೆ ಮೊದಲಿನಂತೆ ಆಗುವುದಿಲ್ಲ, ಸ್ಕ್ರೂ ಹಿಡಿಯುವುದೂ ಇಲ್ಲ. ಅಂಚಿನ ಪಟ್ಟಿ ಎದ್ದಿದೆಯಾ, ಕೆಳಗಿನ ತುದಿ ದಪ್ಪ ಆಗಿದೆಯಾ ಅಂತ ಬೆರಳಿನಿಂದ ಸವರಿ ನೋಡಿ. ಊದಿದ್ದರೆ ಹಲಗೆ ಅಲ್ಲೇ ಬಿಡಿ, ಹಿಡಿಕೆ, ಕೀಲು, ಡ್ರಾಯರ್ ಹಳಿ ಮಾತ್ರ ಬಿಚ್ಚಿಕೊಳ್ಳಿ. ಅವು ಕೆಲಸಕ್ಕೆ ಬರುತ್ತವೆ. ಇಲ್ಲಿ ಒಬ್ಬರು ಅದೇ ಹಲಗೆಯಿಂದ ತರಕಾರಿ ಗಿಡದ ಪೆಟ್ಟಿಗೆ ಮಾಡಬಹುದಾ ಅಂತ ಕೇಳಿದ್ದರು. ಬೇಡ. ಒಂದು ಮಳೆಗಾಲಕ್ಕೆ ಪುಡಿಯಾಗುತ್ತದೆ, ಆ ಅಂಟಿನಲ್ಲಿ ಹೆಚ್ಚಾಗಿ ಫಾರ್ಮಾಲ್ಡಿಹೈಡ್ ಅನ್ನುವ ವಿಷದ ರಾಸಾಯನಿಕ ಇರುತ್ತದೆ, ಮಣ್ಣಿಗೆ ಯಾಕೆ ಅದು. ಅದೇ ಗಟ್ಟಿ ಮರದ ಕುರ್ಚಿ, ಕಬ್ಬಿಣದ ಮಂಚದ ಚೌಕಟ್ಟು, ಸ್ಟೀಲ್ ರ‍್ಯಾಕು ಕಂಡರೆ ಯೋಚನೆ ಮಾಡಬೇಡಿ. ಮಳೆಯಲ್ಲಿ ನೆನೆದಿದ್ದರೂ ಒಣಗಿಸಿ, ತುಕ್ಕು ಉಜ್ಜಿ, ಬಣ್ಣ ಹೊಡೆದರೆ ಆಯಿತು.

ಮೆತ್ತೆ ಇರುವ ಯಾವುದೂ ಬೇಡ. ಹಾಸಿಗೆ, ಸೋಫಾ, ಮೆತ್ತೆ ಕುರ್ಚಿ, ದಿಂಬು, ಎಷ್ಟೇ ಚೆನ್ನಾಗಿ ಕಂಡರೂ. ಕಾರಣ ತಿಗಣೆ. ಅದು ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ, ಹಾಗಾಗಿ ಖಾಲಿ ಬಿದ್ದಿದ್ದ ಹಾಸಿಗೆ ಅಂತ ಧೈರ್ಯ ಮಾಡುವ ಹಾಗಿಲ್ಲ. ಬಾಸ್ಟನ್‌ನಲ್ಲಿ ಆ ವಾರ ಅಧಿಕಾರಿಗಳು ಬೀದಿ ಸುತ್ತಿ ಹೊರಗೆ ಬಿದ್ದ ಹಾಸಿಗೆ ಸೋಫಾಗಳಿಗೆ ತಿಗಣೆ ಎಚ್ಚರಿಕೆಯ ಸ್ಟಿಕ್ಕರ್ ಅಂಟಿಸುತ್ತಾರೆ ಅಂದರೆ ಲೆಕ್ಕ ಹಾಕಿ. ಮರದ ಸಾಮಾನಿನಲ್ಲೂ ಅಡಗಿರುತ್ತದೆ. ಸ್ಕ್ರೂ ತೂತು, ಹಲಗೆ ಕೂಡುವ ಸಂದು, ಡ್ರಾಯರಿನ ತಳ, ಮಂಚದ ಮೂಲೆ, ಇಲ್ಲೆಲ್ಲ ಟಾರ್ಚ್ ಹಾಕಿ ನೋಡಿ. ಪೆನ್ನಿನ ಮೊನೆಯಷ್ಟು ಕಪ್ಪು ಚುಕ್ಕೆ, ಕಂದು ಬಣ್ಣದ ಪೊರೆ, ಬಿಳಿ ಮೊಟ್ಟೆ ಕಂಡರೆ ಮುಟ್ಟಲೇ ಬೇಡಿ. ಹಳೆಯ ಎಟಿಎಂ ಕಾರ್ಡ್ ಥರದ್ದನ್ನು ಆ ಸಂದಿನೊಳಗೆ ಎಳೆದರೆ ಒಳಗಿರುವುದು ಹೊರಗೆ ಬರುತ್ತದೆ. ತಂದ ಸಾಮಾನನ್ನು ನೇರ ಮಲಗುವ ಕೋಣೆಗೆ ಒಯ್ಯಬೇಡಿ, ಹೊರಗೇ ಬಿಚ್ಚಿ ತೊಳೆಯಿರಿ.

ಬಟ್ಟೆ, ಪರದೆ, ಬೆಡ್‌ಶೀಟು ಬೇರೆ ವಿಷಯ, ಅವನ್ನು ಉಳಿಸಬಹುದು. ಕಟ್ಟಿದ ಚೀಲದಲ್ಲೇ ತಂದು, ಬಿಸಿ ನೀರಿನಲ್ಲಿ ಒಗೆದು, ಡ್ರೈಯರ್ ಇದ್ದರೆ ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ಹಾಕಿ. 50 ಡಿಗ್ರಿ ದಾಟಿದ ಬಿಸಿಯಲ್ಲಿ ತಿಗಣೆಯೂ ಅದರ ಮೊಟ್ಟೆಯೂ ಉಳಿಯುವುದಿಲ್ಲ, ಆದರೆ ಆ ಬಿಸಿ ಬಟ್ಟೆಯ ಒಳಗಿನವರೆಗೂ ತಲುಪಬೇಕು. ಪುಸ್ತಕಗಳನ್ನು ಹೀಗೆ ಬಿಸಿ ಮಾಡಲಾಗುವುದಿಲ್ಲ. ಅನುಮಾನ ಬಂದರೆ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ನಾಲ್ಕು ದಿನ ಇಡಿ.

ಕರೆಂಟಿನ ಸಾಮಾನು ನಮ್ಮ ಗುಂಪಿಗೆ ಎಲ್ಲಕ್ಕಿಂತ ಇಷ್ಟದ್ದು, ಅದಕ್ಕೇ ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಟೇಬಲ್ ಲ್ಯಾಂಪು, ಫ್ಯಾನು, ನೀರು ಕಾಯಿಸುವ ಕೆಟಲ್ ಎಲ್ಲ ಸರಿ. ವೈರ್ ಹರಿದಿದೆಯಾ, ಪ್ಲಗ್ ಕರಕಲಾಗಿದೆಯಾ, ಒಳಗೆ ನೀರು ಹೋಗಿದೆಯಾ ನೋಡಿ, ಚೆನ್ನಾಗಿ ಒಣಗುವ ತನಕ ಪ್ಲಗ್ ಹಾಕಬೇಡಿ. ಮೈಕ್ರೋವೇವ್ ಓವನ್ ಮಾತ್ರ ಗೊತ್ತಿಲ್ಲದವರು ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ, ಅಂದರೆ ಕರೆಂಟು ಕೂಡಿಡುವ ಭಾಗದಲ್ಲಿ, ಸಾವಿರಾರು ವೋಲ್ಟ್ ಉಳಿದಿರಬಹುದು, ಅದು ಜೀವ ತೆಗೆಯುವಂಥದ್ದು. ವಿಡಿಯೋ ನೋಡಿ ಕಲಿಯುವ ಕೆಲಸ ಅಲ್ಲ. ಬ್ಯಾಟರಿಗಳಲ್ಲಿ ಊದಿದ ಪವರ್ ಬ್ಯಾಂಕ್, ಜಜ್ಜಿದ ಲಿಥಿಯಂ ಬ್ಯಾಟರಿ, ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಮನೆಗೆ ತರಬೇಡಿ, ಚಾರ್ಜ್ ಮಾಡಿ ನೋಡೋಣ ಅಂತ ಪ್ರಯೋಗವನ್ನೂ ಮಾಡಬೇಡಿ. ಹಾಗಂತ ಕಸದ ಚೀಲದಲ್ಲೂ ಬಿಡಬೇಡಿ. ಕಸ ಒತ್ತುವ ಗಾಡಿಯಲ್ಲಿ ಅದು ಜಜ್ಜಿದರೆ ಗಾಡಿಗೇ ಬೆಂಕಿ ಹತ್ತಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಬೇಕು.

ಲ್ಯಾಪ್‌ಟಾಪ್, ಫೋನು, ಹಾರ್ಡ್ ಡಿಸ್ಕ್ ಸಿಕ್ಕರೆ ಒಳಗೆ ಇಣುಕಬೇಡಿ. ಮರೆತು ಹೋದದ್ದೂ ಇರಬಹುದು, ಮೊದಲು ಓನರ್ ಮೂಲಕ ಕೇಳಿಸಿ. ಬೇಡ ಅಂದರೆ ಪೂರ್ತಿ ಅಳಿಸಿಯೇ ಮುಂದಿನ ಕೆಲಸ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಬೀದಿಗೆ ಬಿದ್ದ ಮೇಲೆ ನಾವು ಎಷ್ಟು ಓಡಾಡಿದರೂ ಹತ್ತರಲ್ಲಿ ಒಂದು ಉಳಿದರೆ ಹೆಚ್ಚು. ಸಾಮಾನು ಇನ್ನೂ ಮನೆಯೊಳಗೆ, ಒಣಗಿರುವಾಗಲೇ ಕೈ ಹಾಕಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳೇ 2011ರಲ್ಲಿ 'ಟ್ರ್ಯಾಶ್ ಟು ಟ್ರೆಷರ್' ಅಂತ ಶುರು ಮಾಡಿದ್ದು ಇದೇ. ಮೇ ತಿಂಗಳಲ್ಲಿ ಹೋಗುವವರಿಂದ ಸಾಮಾನು ತೆಗೆದುಕೊಂಡು, ರಜೆ ಪೂರ್ತಿ ಕೂಡಿಟ್ಟು, ಹೊಸಬರು ಬಂದಾಗ ಅಗ್ಗಕ್ಕೆ ಮಾರುವುದು. ಬಂದ ದುಡ್ಡಿನಲ್ಲೇ ಮುಂದಿನ ವರ್ಷದ ಖರ್ಚು. ನನಗೆ ಇದು ಹಿಡಿಸಿದ್ದು ಯಾಕೆಂದರೆ ಮೇನಲ್ಲಿ ಫ್ಯಾನು ಎಸೆಯುವವನೂ ಸೆಪ್ಟೆಂಬರ್‌ನಲ್ಲಿ ಫ್ಯಾನು ಹುಡುಕುವವನೂ ಒಂದೇ ಊರಿನಲ್ಲಿರುತ್ತಾರೆ, ನಡುವೆ ಇರುವುದು ಮೂರು ತಿಂಗಳು ಮತ್ತು ಒಂದು ಒಣ ಕೋಣೆ ಅಷ್ಟೇ. ಬ್ರಿಟನ್ನಿನಲ್ಲಿ ಬ್ರಿಟಿಷ್ ಹಾರ್ಟ್ ಫೌಂಡೇಶನ್ ಅನ್ನುವ ದತ್ತಿ ಸಂಸ್ಥೆಯವರು ಯೂನಿವರ್ಸಿಟಿಗಳ ಜೊತೆ ಸೇರಿ ವಿದ್ಯಾರ್ಥಿಗಳಿಂದ ಬಟ್ಟೆ, ಪುಸ್ತಕ, ಪಾತ್ರೆ ಎಲ್ಲ ತೆಗೆದುಕೊಂಡು ತಮ್ಮ ಅಂಗಡಿಗಳಲ್ಲಿ ಮಾರುತ್ತಾರೆ. ಕಾನೂನಿನ ದಾರಿಯೂ ಇದೆ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ 2022ರ ನವೆಂಬರ್ 1ರಿಂದ ಹಾಸಿಗೆ ಮತ್ತು ಬಟ್ಟೆಯನ್ನು ಮಾಮೂಲಿ ಕಸಕ್ಕೆ ಹಾಕುವಂತಿಲ್ಲ. ಆದರೆ ನಿಷೇಧ ಮಾಡಿದ ಮಾತ್ರಕ್ಕೆ ಕೊನೆಯ ರಾತ್ರಿಯ ಹಾಸಿಗೆ ಮಾಯವಾಗುವುದಿಲ್ಲ, ಒಯ್ಯುವ ಗಾಡಿ ಆ ದಿನವೇ ಬರಬೇಕು.

ನಮ್ಮಷ್ಟು ಚಿಕ್ಕ ಗುಂಪು ಏನು ಮಾಡಬಹುದು ಅಂದರೆ, ಕರಾರು ಮುಗಿಯುವ ಮೂರು ವಾರ ಮುಂಚೆ ಆ ಮನೆಗಳಿಗೆ ಒಂದು ಚೀಟಿ. ಉಪದೇಶ ಬೇಡ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿಗೆ ತರಬೇಕು, ಏನು ತೆಗೆದುಕೊಳ್ಳುತ್ತೇವೆ, ಏನು ಇಲ್ಲ, ಇಷ್ಟೇ ಇರಲಿ. ಪರೀಕ್ಷೆ ನಡೆಯುವಾಗ ಕೊಟ್ಟರೆ ಯಾರೂ ಓದುವುದಿಲ್ಲ, ಅದಕ್ಕೆ ಖಾಲಿ ಮಾಡುವ ಎರಡು ದಿನ ಮುಂಚೆ ಮತ್ತೆ ಬಾಗಿಲು ತಟ್ಟಿ. ಓನರ್‌ಗಳ ಜೊತೆ ಮಾತಾಡುವುದು ಇನ್ನೂ ಲಾಭ, ಒಬ್ಬರ ಕೈಯಲ್ಲೇ ಐದಾರು ಮನೆ ಇರುತ್ತವೆ. ದೊಡ್ಡ ಸಾಮಾನಿನ ಗಾಡಿಯನ್ನು ಅವರೇ ಮೊದಲೇ ಗೊತ್ತು ಮಾಡಲಿ, ಹಾಲ್‌ನ ಸೋಫಾ ಯಾರ ಹೆಸರಿಗೆ ಅಂತ ಕರಾರಿನಲ್ಲೇ ಒಂದು ಸಾಲು ಬರೆಯಲಿ. ಹೊಸಬರು ಅದೇ ಮನೆಗೆ ಬರುವುದಾದರೆ ಫೋಟೋ ಕಳಿಸಿ "ಇದು ಬೇಕಾ" ಅಂತ ಕೇಳಿದರೆ ಅರ್ಧ ಸಾಮಾನು ಮನೆ ಬಿಟ್ಟು ಕದಲಬೇಕಾಗಿಲ್ಲ.

ಒಂದು ಎಚ್ಚರಿಕೆ. ಸಾಮಾನು ಇಡುವ ಜಾಗ ಎಷ್ಟಿದೆ ಅಂತ ಮೊದಲು ಅಳೆಯಿರಿ, ತುಂಬಿದ ತಕ್ಷಣ ಸಾಕು ಅನ್ನಿ. ಪಾಪ ಅಂತ ಎಲ್ಲ ತೆಗೆದುಕೊಂಡರೆ ರಾಶಿ ಬೀದಿಯಿಂದ ನಿಮ್ಮ ಶೆಡ್ಡಿಗೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ನೀವು ಫೋಟೋ ಹಾಕಿದ ಚಿಕ್ಕ ಫ್ರಿಡ್ಜ್ ವಿಷಯ ಮರೆತಿದ್ದೆ. ಅದನ್ನು ಮಲಗಿಸಿ ತಂದಿದ್ದರೆ ನಿಲ್ಲಿಸಿ ಇಟ್ಟು ಒಂದು ದಿನ ಬಿಟ್ಟು ಪ್ಲಗ್ ಹಾಕಿ. ಹಿಂದಿನ ಲೇಬಲ್‌ನಲ್ಲಿ ಆರ್600ಎ (R600a) ಅಂತ ಇದ್ದರೆ ಒಳಗಿರುವುದು ಐಸೋಬ್ಯೂಟೇನ್, ಬೆಂಕಿ ಹತ್ತುವ ಗ್ಯಾಸ್. ಪೈಪು ಕೊಯ್ಯುವುದು, ಹತ್ತಿರ ಬೆಸುಗೆ ಹಾಕುವುದು ಬೇಡ. ಒಳಗೆ ಬೂಷ್ಟು ಇದ್ದರೆ ಅಡುಗೆ ಸೋಡಾ ನೀರಿನಲ್ಲಿ ಒರೆಸಿ ಬಾಗಿಲು ತೆರೆದಿಡಿ. ಬಾಗಿಲಿನ ರಬ್ಬರ್ ಹರಿದಿದ್ದರೆ ಅಳತೆ ಹಾಕಿ, ಬೇರೆ ಸಿಗುತ್ತದಾ ನೋಡೋಣ.