24 ಕಣ್ಣಿನ ಪುಟ್ಟ ಜೀವಿ: ರಾಣೆಬೆನ್ನೂರಿನ ಓದುಗರಿಗೆ ಸಂಪಾದಕರ ಉತ್ತರ

ಕಳೆದ ಸಂಚಿಕೆಯ ವಿಜ್ಞಾನ ಪುಟದಲ್ಲಿ ಟ್ರಿಪೆಡೇಲಿಯಾ ಸಿಸ್ಟೊಫೊರಾ ಎಂಬ ಪುಟ್ಟ ಜೆಲ್ಲಿಫಿಶ್ ಬಗ್ಗೆ ಸಣ್ಣ ಟಿಪ್ಪಣಿಯೊಂದನ್ನು ಹಾಕಿದ್ದೆವು. ಅದನ್ನು ಓದಿ ರಾಣೆಬೆನ್ನೂರಿನ ಹಿರಿಯರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ:

"ಇದು ಕ್ಯೂಬೊಜೋವಾ ವರ್ಗಕ್ಕೆ ಸೇರಿದ್ದು ಎಂದು ಬರೆದಿದ್ದೀರಿ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗಿನ ಪ್ರಾಣಿಶಾಸ್ತ್ರದ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಇಂಥ ಚೌಕ ಜೆಲ್ಲಿಫಿಶ್‌ಗಳನ್ನು ಸೈಫೊಜೋವಾ ವರ್ಗದಲ್ಲಿ ಇಟ್ಟಿದ್ದಾರೆ. ಯಾವುದು ಸರಿ? ಪಿಯುಸಿ ಓದುವ ಮೊಮ್ಮಗಳು ಕೇಳುತ್ತಾಳೆ: ಮಿದುಳೇ ಇಲ್ಲದ ಪ್ರಾಣಿಗೆ 24 ಕಣ್ಣು ಯಾಕೆ? ರಜೆಯಲ್ಲಿ ಕಾರವಾರಕ್ಕೆ ಹೋಗುವವರಿದ್ದೇವೆ, ಇಂಥದ್ದು ಕುಟುಕಿದರೆ ಜೀವಕ್ಕೆ ಅಪಾಯವೇ? ಅಷ್ಟಕ್ಕೂ ಸಮುದ್ರವೇ ಇಲ್ಲದ ನಮ್ಮ ಕಡೆಯ ಪತ್ರಿಕೆಗೆ ಇದೆಲ್ಲ ಯಾಕೆ?"

ಹಿರಿಯರಿಗೆ ನಮಸ್ಕಾರ.

ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಅರಬೈಲ್ ಘಟ್ಟ ಇಳಿದರೆ ಸಮುದ್ರ ಬಂದೇ ಬಿಡುತ್ತದೆ. ರಜೆ ಸಿಕ್ಕರೆ ನಮ್ಮ ಕಡೆಯ ಎಷ್ಟೋ ಮನೆಯವರು ಕಾರವಾರ, ಗೋಕರ್ಣಕ್ಕೇ ಹೋಗೋದು, ಅಲ್ವಾ? ನೀವೂ ಹೊರಟಿದ್ದೀರಿ. ಇನ್ನು ಧಾರವಾಡದ ಹಾಸ್ಟೆಲ್ಲುಗಳಲ್ಲಿ ಸಾವಿರಾರು ಮಕ್ಕಳು ಜೀವಶಾಸ್ತ್ರ ಓದುತ್ತಿದ್ದಾರೆ. ವಂಶ, ವರ್ಗ, ಗಣ ಎಂದು ಹೆಸರುಗಳನ್ನು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಆ ಹೆಸರುಗಳ ಹಿಂದೆ ಒಂದು ಮೈ ಇದೆ, ಒಂದು ಬದುಕು ಇದೆ ಎಂದು ಅವರಿಗೆ ಹೇಳಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಅದಕ್ಕೇ ಆ ಟಿಪ್ಪಣಿ.

ಈಗ ನಿಮ್ಮ ಪುಸ್ತಕದ ವಿಷಯ. ಅದನ್ನು ಜೋಪಾನವಾಗಿಡಿ. ಅದು ಬರೆದ ಕಾಲಕ್ಕೆ ಅದು ಹೇಳಿದ್ದೇ ಸರಿ. ಹೇಗೆ ಅಂತ ತಿಳಿಯಲು ಈ ಪ್ರಾಣಿಯ ಕಥೆಯನ್ನು ಮೊದಲಿನಿಂದ ನೋಡಬೇಕು.

ಇದನ್ನು ಮೊದಲು ವಿವರಿಸಿದವರು ಫ್ರಾಂಕ್ಲಿನ್ ಸ್ಟೋರಿ ಕೊನಂಟ್. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಯುವಕ. ಜಮೈಕಾದ ಕಿಂಗ್‌ಸ್ಟನ್ ಬಂದರಿನಲ್ಲಿ ಸಿಕ್ಕ ಈ ಜೀವಿಗೆ 1897ರಲ್ಲಿ ಹೆಸರು ಕೊಟ್ಟರು. ಅದೇ ವರ್ಷ ಹಳದಿ ಜ್ವರದಿಂದ ತೀರಿಕೊಂಡರು. ಅವರ ದೊಡ್ಡ ಪ್ರಬಂಧ 1898ರಲ್ಲಿ ಅವರ ನೆನಪಿನ ಸಂಪುಟವಾಗಿ ಅಚ್ಚಾಯಿತು. ಚಿಕ್ಕ ವಯಸ್ಸಿನಲ್ಲೇ ಹೋದ ಆ ಹುಡುಗ ಮಾಡಿದ ವಿವರಣೆಯನ್ನು ಇಂದಿಗೂ ಈ ವಿಷಯ ಓದುವವರು ತೆರೆದು ನೋಡುತ್ತಾರೆ. ನನಗೆ ಅದು ದೊಡ್ಡ ಮಾತು.

ಅವರು ಕಂಡದ್ದು ಇದು: ಗಂಟೆಯಾಕಾರದ, ಗಾಜಿನಷ್ಟು ತಿಳಿಯಾದ ಮೈ. ಉದ್ದ ಸುಮಾರು 1 ಸೆಂಟಿಮೀಟರ್. ಆದರೆ ಸಾಮಾನ್ಯ ಜೆಲ್ಲಿಫಿಶ್ ಹಾಗೆ ದುಂಡಲ್ಲ, ನಾಲ್ಕು ಮೂಲೆ, ನಾಲ್ಕು ಮುಖ. ಪ್ರತಿ ಮೂಲೆಯಿಂದ ಪೆಡಾಲಿಯಂ ಎಂಬ ಚಪ್ಪಟೆ ಭಾಗ ಮೂರು ಇಳಿಬಿದ್ದಿವೆ. ಪ್ರತಿ ಪೆಡಾಲಿಯಂನ ತುದಿಗೆ ಒಂದೇ ಕರಬಳ್ಳಿ, ಅಂದರೆ ಬಳ್ಳಿಯಂಥ ಕುಟುಕುವ ಅಂಗ. ಹೀಗೆ ಒಟ್ಟು 12. ಜಾತಿಗೆ ಟ್ರಿಪೆಡೇಲಿಯಾ ಎಂಬ ಹೆಸರು ಬಂದದ್ದು ಆ ಮೂರರಿಂದಲೇ. ಗಂಟೆಯ ಬಾಯಂಚಿನಲ್ಲಿ ಒಳಕ್ಕೆ ಚಾಚಿದ ತೆಳು ಪರದೆ ಇದೆ, ವೆಲೇರಿಯಂ. ಮೈ ಕುಗ್ಗಿದಾಗ ನೀರು ಆ ಕಿರಿದಾದ ಬಾಯಿಂದ ಜೋರಾಗಿ ಚಿಮ್ಮುತ್ತದೆ, ಪ್ರಾಣಿ ಮುಂದಕ್ಕೆ ನುಗ್ಗುತ್ತದೆ. ಪರದೆಯ ಒಂದು ಕಡೆ ಬಿಗಿದರೆ ತಿರುಗುತ್ತದೆ. ಅಲೆ ಒಯ್ದಲ್ಲಿಗೆ ತೇಲುವ ಪ್ರಾಣಿಯಲ್ಲ ಇದು. ಬೇಕಾದ ಕಡೆ ಈಜುತ್ತದೆ.

ಇಂಥ ಚೌಕ ಮೈಯವನ್ನೆಲ್ಲ ವಿಜ್ಞಾನಿಗಳು ಬಹಳ ಕಾಲ ಸೈಫೊಜೋವಾ ವರ್ಗದ ಒಳಗೇ ಒಂದು ಗಣವಾಗಿ ಇಟ್ಟಿದ್ದರು. ನಿಮ್ಮ ಪುಸ್ತಕದಲ್ಲಿ ಇರುವುದೂ ಅದೇ. ಅದನ್ನು ಬದಲಿಸಿದವರು ಜರ್ಮನಿಯ ಬರ್ನ್‌ಹಾರ್ಡ್ ವರ್ನರ್. ಅವರು ಟ್ರಿಪೆಡೇಲಿಯಾವನ್ನು ಪ್ರಯೋಗಾಲಯದಲ್ಲೇ ಬೆಳೆಸಿ, ಅದರ ಪೂರ್ತಿ ಜೀವನಚಕ್ರವನ್ನು 1971ರಲ್ಲಿ ಪ್ರಕಟಿಸಿದರು.

ನಿಮ್ಮ ಮೊಮ್ಮಗಳು ಪಾಲಿಪ್, ಮೆಡುಸಾ ಎಂದು ಓದಿರುತ್ತಾಳೆ. ಪಾಲಿಪ್ ಒಂದೆಡೆ ಅಂಟಿಕೊಂಡು ಬದುಕುವ ರೂಪ, ಮೆಡುಸಾ ಈಜುವ ರೂಪ. ಅವಳ ಪಠ್ಯದಲ್ಲಿ ಬರುವ ಆಬೀಲಿಯಾದಲ್ಲಿ ಪಾಲಿಪ್‌ಗಳ ಗುಂಪಿನ ಮೇಲೆ ಮೆಡುಸಾಗಳು ಮೊಗ್ಗಿನ ಹಾಗೆ ಮೂಡಿ ಕಳಚಿಕೊಳ್ಳುತ್ತವೆ. ಪಾಲಿಪ್ ತನ್ನ ಜಾಗದಲ್ಲೇ ಉಳಿಯುತ್ತದೆ. ಇದು ಹೈಡ್ರೊಜೋವಾ ವರ್ಗದ ರೀತಿ. ಸೈಫೊಜೋವಾದ ಆರೀಲಿಯಾದಲ್ಲಿ ಪಾಲಿಪ್ ಅಡ್ಡಡ್ಡ ಸೀಳಿಕೊಂಡು ಬಿಲ್ಲೆಗಳಾಗಿ ಒಂದೊಂದೇ ಬಿಡಿಯಾಗುತ್ತದೆ. ಪ್ರತಿ ಬಿಲ್ಲೆಯೂ ಒಂದು ಮರಿ ಜೆಲ್ಲಿಫಿಶ್. ಟ್ರಿಪೆಡೇಲಿಯಾದಲ್ಲಿ ವರ್ನರ್ ಕಂಡದ್ದು ಈ ಎರಡೂ ಅಲ್ಲ. ಇಲ್ಲಿ ಒಂದು ಪಾಲಿಪ್ ಪೂರ್ತಿಯಾಗಿ ಒಂದು ಮೆಡುಸಾ ಆಗಿ ಬದಲಾಗುತ್ತದೆ. ಅಂಟಿಕೊಂಡಿದ್ದ ಆ ಮೈಯೇ ರೂಪ ಬದಲಿಸಿ, ಬುಡ ಬಿಟ್ಟು, ಈಜಿಕೊಂಡು ಹೋಗುತ್ತದೆ.

ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ ಆರೀಲಿಯಾವನ್ನೂ ಇದನ್ನೂ ಒಂದೇ ವರ್ಗದಲ್ಲಿ ಇಡುವುದು ಹೇಗೆ? 1973ರಲ್ಲಿ ವರ್ನರ್ ಕ್ಯೂಬೊಜೋವಾ ಎಂಬ ಪ್ರತ್ಯೇಕ ವರ್ಗವನ್ನೇ ಮಾಡಿದರು. ನಿಮ್ಮ ಪುಸ್ತಕ ಅದಕ್ಕಿಂತ ಹಳೆಯದು ಇರಬೇಕು, ಇಲ್ಲವೇ ಈ ಬದಲಾವಣೆ ಅದರೊಳಗೆ ಇನ್ನೂ ಸೇರಿರಲಿಕ್ಕಿಲ್ಲ. ಈಗಿನ ಪಟ್ಟಿ ಹೀಗಿದೆ: ವಂಶ ನೈಡೇರಿಯಾ, ವರ್ಗ ಕ್ಯೂಬೊಜೋವಾ, ಗಣ ಕ್ಯಾರಿಬ್ಡೀಡಾ, ಕುಟುಂಬ ಟ್ರಿಪೆಡೇಲಿಡೇ. ಈ ಗಣಕ್ಕೂ ಮೈಯೇ ಆಧಾರ. ಪೆಡಾಲಿಯಂ ಕವಲೊಡೆಯದೆ ಒಂದೇ ಕರಬಳ್ಳಿ ಹೊತ್ತಿದ್ದರೆ ಕ್ಯಾರಿಬ್ಡೀಡಾ. ಕವಲೊಡೆದು ಹಲವು ಕರಬಳ್ಳಿ ಹೊತ್ತಿದ್ದರೆ ಇನ್ನೊಂದು ಗಣ, ಕೈರೊಡ್ರೊಪಿಡಾ.

ಟ್ರಿಪೆಡೇಲಿಯಾ ಜಾತಿಗೆ 1988ರಲ್ಲಿ ಉತ್ತರ ಆಸ್ಟ್ರೇಲಿಯಾದಿಂದ ಬೈನಾಟಾ ಎಂಬ ಪ್ರಭೇದ ಸೇರಿತು. ಅದಕ್ಕೆ ಮೂಲೆಗೆ ಎರಡೇ ಪೆಡಾಲಿಯಂ! 2023ರಲ್ಲಿ ಹಾಂಗ್‌ಕಾಂಗ್‌ನ ಮೈಪೋ ಎಂಬಲ್ಲಿನ ಸೀಗಡಿ ಕೊಳಗಳಿಂದ ಮೈಪೊಯೆನ್ಸಿಸ್ ಸೇರಿತು. ಆ ಹೊತ್ತಿಗೆ ಮೈಯ ವಿವರದ ಜೊತೆಗೆ ಡಿಎನ್‌ಎಯನ್ನೂ ನೋಡಿ ನಿರ್ಧರಿಸುವ ರೂಢಿ ಬಂದಿತ್ತು.

ಇನ್ನು ಮೊಮ್ಮಗಳ ಪ್ರಶ್ನೆ. ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ.

ಗಂಟೆಯ ನಾಲ್ಕು ಮುಖಗಳಲ್ಲಿ ಒಂದೊಂದು ಸಣ್ಣ ಗುಂಡಿಯಂಥ ಅಂಗ ತೂಗುತ್ತದೆ. ಹೆಸರು ರೋಪೇಲಿಯಂ. ಪ್ರತಿಯೊಂದರಲ್ಲೂ ಆರು ಕಣ್ಣು. ಆರರಲ್ಲಿ ನಾಲ್ಕು ಬೆಳಕು ಹಿಡಿಯುವ ಬರೀ ಕುಳಿ, ಸೀಳುಗಳು. ಉಳಿದೆರಡು ನಿಜವಾದ ಕಣ್ಣುಗಳು, ನಮ್ಮದರ ಹಾಗೆ ಕಾರ್ನಿಯಾ, ಮಸೂರ, ರೆಟಿನಾ ಇರುವಂಥವು. ಒಂದು ಮೇಲೆ ನೋಡುತ್ತದೆ, ಒಂದು ಕೆಳಗೆ.

ರೋಪೇಲಿಯಂನ ತುದಿಯಲ್ಲಿ ಭಾರವಾದ ಒಂದು ಹರಳು ಇದೆ. ಗೋಡೆ ನೆಟ್ಟಗಿದೆಯೇ ನೋಡಲು ಗೌಂಡಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡಿನ ಕೆಲಸವನ್ನೇ ಇದು ಮಾಡುತ್ತದೆ. ಪ್ರಾಣಿ ಅಡ್ಡವಾಗಲಿ, ತಲೆಕೆಳಗಾಗಲಿ, ಮೇಲಿನ ಕಣ್ಣು ಯಾವಾಗಲೂ ನೇರ ಮೇಲಕ್ಕೇ ನೋಡುತ್ತದೆ. ಅಲ್ಲಿ ಏನಿದೆ ನೋಡಲು? ಮರ! ಇದು ಕೆರಿಬಿಯನ್ ಕಡಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಜೀವಿ. ಆ ಮರಗಳ ಬೇರುಗಳ ನಡುವೆ ಬಿಸಿಲುಕೋಲು ಇಳಿಯುವಲ್ಲಿ ಕೋಪೆಪಾಡ್ ಎಂಬ, ಸೀಗಡಿಯ ಬಳಗದ ಸಣ್ಣ ಜೀವಿಗಳು ಗುಂಪುಗೂಡುತ್ತವೆ. ಅವೇ ಇದರ ಊಟ. ಬೇರುಗಳಿಂದ ದೂರ ಹೋದರೆ ಉಪವಾಸ. ಹಾಗಾಗಿ ನೀರಿನೊಳಗಿಂದಲೇ ಮೇಲಿನ ಮರದ ನೆರಳುಗೆರೆ ನೋಡಿ ದಾರಿ ಹಿಡಿಯುತ್ತದೆ. ವಿಜ್ಞಾನಿ ಆಂಡರ್ಸ್ ಗಾರ್ಮ್ ಮತ್ತು ಜೊತೆಗಾರರು 2011ರಲ್ಲಿ ಇದನ್ನು ತೋರಿಸಿದರು. 8 ಮೀಟರ್ ದೂರದಿಂದಲೂ ಇದು ಮರಗಳ ಅಂಚನ್ನು ಗುರುತಿಸುತ್ತದೆ.

ವಿಚಿತ್ರ ಎಂದರೆ, ಮಸೂರ ಅಷ್ಟು ಚೆನ್ನಾಗಿದ್ದರೂ ಚಿತ್ರ ಸ್ಪಷ್ಟವಾಗಿ ಕೂಡುವುದು ರೆಟಿನಾದ ಹಿಂದೆ. ಅಂದರೆ ಇದಕ್ಕೆ ಕಾಣುವುದೆಲ್ಲ ಮಸುಕು. ಆದರೆ ನೀರಲ್ಲಿ ತೇಲುವ ಸಣ್ಣ ಪುಟ್ಟ ಕಸವೆಲ್ಲ ಕಂಡು ಏನಾಗಬೇಕು? ಬೇರು, ಮರ, ಬೆಳಕು, ಇಷ್ಟು ಕಂಡರೆ ಸಾಕು. ಒಂದೊಂದು ಕಣ್ಣಿಗೆ ಒಂದೊಂದು ಸಣ್ಣ ಕೆಲಸ, ಅದಕ್ಕೇ ಅಷ್ಟು ಕಣ್ಣು.

ಕಂಡದ್ದನ್ನು ವಿಚಾರಿಸಲು ಪ್ರತಿ ರೋಪೇಲಿಯಂನಲ್ಲಿ ಸುಮಾರು 1,000 ನರಕೋಶಗಳಿವೆ. ನಾಲ್ಕನ್ನೂ ನರದ ಒಂದು ಬಳೆ ಜೋಡಿಸುತ್ತದೆ. ಈಜಿನ ಬಡಿತವೂ ಇಲ್ಲಿಂದಲೇ ಹೊರಡುತ್ತದೆ. ಒಂದೇ ಕಡೆ ಕೂಡಿಟ್ಟ ಮಿದುಳು ಇಲ್ಲ ಅಷ್ಟೇ. ಇಷ್ಟರಲ್ಲೇ ಇದು ಕಲಿಯಲೂಬಲ್ಲದು! 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದುಂಡು ತೊಟ್ಟಿಯ ಗೋಡೆಗೆ ಬೂದು, ಬಿಳಿ ಪಟ್ಟೆ ಬಳಿದರು. ಬೂದು ಪಟ್ಟೆ ದೂರದ ಬೇರಿನ ಹಾಗೆ ಕಾಣಬೇಕು ಅಂತ. ಮೊದಮೊದಲು ಪ್ರಾಣಿ ಗೋಡೆಗೆ ಡಿಕ್ಕಿ ಹೊಡೆಯಿತು. ಏಳೂವರೆ ನಿಮಿಷ ಕಳೆಯುವಷ್ಟರಲ್ಲಿ ಡಿಕ್ಕಿಗಳು ಅರ್ಧಕ್ಕೆ ಇಳಿದಿದ್ದವು. ಗೋಡೆಗೂ ಅದಕ್ಕೂ ಇರುವ ಅಂತರ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಡಿಕ್ಕಿಯ ಪೆಟ್ಟನ್ನೂ ಕಂಡ ಪಟ್ಟೆಯನ್ನೂ ಅದು ಜೋಡಿಸಿಕೊಂಡಿತ್ತು.

ಇದರ ಮರಿಯ ವಿಷಯ ಇನ್ನೂ ಸೊಗಸು. ಮೊಟ್ಟೆ ತಾಯಿಯ ಮೈಯೊಳಗೇ ಬೆಳೆಯುತ್ತದೆ. ಹೊರಬಂದ ಲಾರ್ವಾಕ್ಕೆ ನರಗಳೇ ಇಲ್ಲ, ಆದರೆ ಮೈಮೇಲೆ ಕಣ್ಚುಕ್ಕೆಗಳಿವೆ. ಪ್ರತಿ ಚುಕ್ಕೆ ಒಂದೇ ಒಂದು ಕೋಶ. ಬೆಳಕು ಹಿಡಿಯುವುದೂ ಅದೇ, ದಿಕ್ಕು ತಿರುಗಿಸುವ ಸಣ್ಣ ಚಾಟಿ ಇರುವುದೂ ಅದಕ್ಕೇ. ನಡುವೆ ಕೇಳುವವರು ಯಾರೂ ಬೇಡ. ಇದನ್ನು ಮೊಮ್ಮಗಳಿಗೆ ತಪ್ಪದೆ ಹೇಳಿ.

ಇನ್ನು ಕುಟುಕಿನ ಭಯ. ಟ್ರಿಪೆಡೇಲಿಯಾದಿಂದ ಮನುಷ್ಯರಿಗೆ ಅಪಾಯವಿಲ್ಲ. ಇದೇ ವರ್ಗದ ಕೈರೊನೆಕ್ಸ್ ಫ್ಲೆಕೆರಿ ಬೇರೆ. ಅದು ಉತ್ತರ ಆಸ್ಟ್ರೇಲಿಯಾದ ಕಡಲಿನದು, ಕರಬಳ್ಳಿ 3 ಮೀಟರ್‌ವರೆಗೂ ಚಾಚುತ್ತದೆ, ಜೀವ ತೆಗೆಯಬಲ್ಲದು. ಕಾರವಾರದಲ್ಲಿ ನೀವು ಪಾಲಿಸಬೇಕಾದದ್ದು ಇಷ್ಟೇ: ದಂಡೆಗೆ ಬಿದ್ದ ಯಾವ ಜೆಲ್ಲಿಫಿಶ್ಅನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಸತ್ತಿದ್ದರೂ ಸರಿ. ಪ್ರಾಣಿ ಸತ್ತ ಮೇಲೂ ಅದರ ಕುಟುಕುವ ಕೋಶಗಳು ಸಿಡಿಯುತ್ತವೆ. ತಗಲಿದರೆ ಉಜ್ಜಬೇಡಿ, ಮರಳು ಹಾಕಿ ತಿಕ್ಕಬೇಡಿ. ಕುಡಿಯುವ ನೀರಿನಲ್ಲಿ ತೊಳೆದರೆ ಉಳಿದ ಕೋಶಗಳೂ ಸಿಡಿಯಬಹುದು, ಆದ್ದರಿಂದ ಸಮುದ್ರದ ನೀರಿನಲ್ಲೇ ತೊಳೆಯಿರಿ. ಉಸಿರಾಟಕ್ಕೆ ತೊಂದರೆ, ವಾಂತಿ, ಜಾಸ್ತಿ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

- ಸಂಪಾದಕ