‘ಯಾರಿಗೂ ಹೇಳಲಿಲ್ಲ’ ಅಂತ ಬರೆದು ಮುಂದೆ ಹೋಗಬೇಡ

ತಂಗಿ,

ನಿನ್ನ ಕತೆ ಎರಡು ಸಲ ಓದಿದೆ. ಜಮಖಂಡಿಯ ಪಿಯುಸಿ ಹುಡುಗಿ. ಕಾಲೇಜಿನಲ್ಲಿ ಭಾಷಣ ಮಾಡುವಾಗ ಅವಳು ಬಾಯಿ ತೆರೆದ ಫೋಟೊ. ಅದನ್ನು ಕ್ಲಾಸಿನ ಹುಡುಗರು ವಾಟ್ಸಾಪ್ ಸ್ಟಿಕರ್ ಮಾಡುತ್ತಾರೆ. ಆಮೇಲೆ ಅವಳ ಹೆಸರಲ್ಲೇ ಇನ್‌ಸ್ಟಾಗ್ರಾಂನಲ್ಲಿ ನಕಲಿ ಖಾತೆ. ಭಾಷೆ ಚೊಕ್ಕ ಇದೆ, ಸ್ಟಿಕರಿನ ಭಾಗ ಕಣ್ಣಾರೆ ಕಂಡು ಬರೆದ ಹಾಗಿದೆ. ಆದರೆ ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ನನಗೆ ಮನಸ್ಸಿಲ್ಲ.

ನಾಲ್ಕನೇ ಪುಟ ತೆಗೆ. ‘ಅವಳು ತೀವ್ರ ಖಿನ್ನತೆಗೆ ಒಳಗಾದಳು. ಯಾರಿಗೂ ಹೇಳಲಿಲ್ಲ.’ ಎರಡೇ ವಾಕ್ಯ. ನನಗೆ ಸಿಟ್ಟು ಬಂದದ್ದು ಇಲ್ಲೇ.

‘ಖಿನ್ನತೆಗೆ ಒಳಗಾದಳು’ ಅನ್ನುವುದು ಡಾಕ್ಟರು ಚೀಟಿಯಲ್ಲಿ ಬರೆಯುವ ಮಾತು. ಅವಳ ಅವ್ವನಿಗೆ ಕಂಡದ್ದು ಏನು? ಬಾಯಿ ತೆರೆದ ಫೋಟೊಕ್ಕೆ ಎಲ್ಲರೂ ನಕ್ಕರು, ಅಲ್ವಾ? ಹಾಗಾದರೆ ಮರುದಿನ ಹಾಜರಿ ಕರೆದಾಗ ಅವಳು ‘ಎಸ್ ಸರ್’ ಅಂದಳಾ, ಸುಮ್ನೆ ಕೈ ಎತ್ತಿದಳಾ? ಎಲ್ಲರ ಮುಂದೆ ರೊಟ್ಟಿ ತಿನ್ನಲು ಬಾಯಿ ತೆರೆದಳಾ? ಮೊಬೈಲು ಗುಂಯ್ ಅಂದಾಗ ಏನು ಮಾಡಿದಳು? ನಮ್ಮ ಕಾಲದಲ್ಲಿ ಚುಡಾಯಿಸುವವರು ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಿದ್ದರು. ಮನೆಗೆ ಬಂದು ಬಾಗಿಲು ಹಾಕಿದರೆ ಅಂದಿನದು ಅಂದಿಗೆ ಮುಗಿಯಿತು. ನಿನ್ನ ಹುಡುಗಿಗೆ ಹಾಕಲು ಬಾಗಿಲೇ ಇಲ್ಲ. ಆ ನಗು ಅವಳ ಜೊತೆ ಕೌದಿಯೊಳಗೆ ಮಲಗುತ್ತದೆ. ಅದು ಕತೆಯಲ್ಲಿ ಎಲ್ಲಿದೆ?

ಇನ್ನು ‘ಯಾರಿಗೂ ಹೇಳಲಿಲ್ಲ’. ಯಾಕೆ ಹೇಳಲಿಲ್ಲ? ನಿನಗೂ ಗೊತ್ತು, ನನಗೂ ಗೊತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೇಳಿದ ದಿನವೇ ಮೊಬೈಲು ಹೋಗುತ್ತದೆ. ಆ ವಾರ ಕಾಲೇಜು ಹೋಗುತ್ತದೆ. ಮುಂದಿನ ತಿಂಗಳು ಗಂಡು ನೋಡಲು ಶುರು. ತಪ್ಪು ಮಾಡಿದವರು ಹುಡುಗರು, ಓದು ಬಿಡುವವಳು ಇವಳು. ಈ ಹೆದರಿಕೆಯೇ ನಿನ್ನ ಕತೆ ತಂಗಿ. ಅದನ್ನು ಎರಡು ಶಬ್ದದಲ್ಲಿ ದಾಟಿಬಿಟ್ಟಿದ್ದೀಯ.

ನಾನೂ ಹಾಗೆ ದಾಟಿದವನೇ. ವಿಜಯಪುರವನ್ನು ಇನ್ನೂ ಬಿಜಾಪುರ ಅನ್ನುತ್ತಿದ್ದ ಕಾಲ. ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಒಬ್ಬ ಹುಡುಗಿ ತೀರಿಕೊಂಡ ಸುದ್ದಿಗೆ ‘ಮನನೊಂದು’ ಅಂತ ಬರೆದೆ. ಎಲ್ಲರೂ ಹಾಗೇ ಬರೆಯುತ್ತಿದ್ದರು. ನಮ್ಮ ಹಿರಿಯ ಸಂಪಾದಕರು ಹಾಳೆ ತಿರುಗಿ ಕೊಟ್ಟು, ‘ಮನಸ ನೊಂದಿದ್ದು ನಿನಗ ಹ್ಯಾಂಗ ಗೊತ್ತಾತು? ಹೋಗಿ ಕೇಳ್ಕೊಂಡ ಬಾ’ ಅಂದರು. ಹೋದೆ. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಾಕ ದಿನದಿಂದ ಹೆರಳ ಹಾಕಿಸ್ಕೊಳ್ಳಾಕ ಬರ್ಲಿಲ್ಲರಿ. ನಾನೂ ಕರೀಲಿಲ್ಲ’ ಅಂದಳು. ಅದನ್ನು ನಾನು ಪತ್ರಿಕೆಯಲ್ಲಿ ಬರೆಯಲಿಲ್ಲ. ಆದರೆ ‘ಮನನೊಂದು’ ಅನ್ನುವ ಶಬ್ದವನ್ನು ಆವತ್ತಿನಿಂದ ಮತ್ತೆ ಮುಟ್ಟಿಲ್ಲ.

ಎರಡನೆಯದು ನಿನ್ನ ಕೊನೆ. ಹುಡುಗಿ ಸಾಯುತ್ತಾಳೆ. ಸ್ಟಿಕರ್ ಮಾಡಿದ ಹುಡುಗರು ಅವಳ ಮನೆ ಮುಂದೆ ನಿಂತು ಅಳುತ್ತಾರೆ, ‘ಅವಳು ಗೆದ್ದಿದ್ದಳು’ ಅಂತ ಬರೆದಿದ್ದೀಯ. ಆ ವಾಕ್ಯ ಓದಿ ನನಗೆ ನಿಜವಾಗಿಯೂ ಭಯವಾಯಿತು. ನಮ್ಮ ಪತ್ರಿಕೆ ಕಾಲೇಜಿನ ಲೈಬ್ರರಿಗಳಿಗೆ ಹೋಗುತ್ತದೆ. ಇದೇ ಪಾಡು ಪಡುತ್ತಿರುವ ಒಬ್ಬಳು ಅಲ್ಲಿ ಕೂತು ಓದುತ್ತಿದ್ದರೆ? ಸತ್ತರೆ ಎಲ್ಲರಿಗೂ ಬುದ್ಧಿ ಬರುತ್ತದೆ ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತದೆ. ಅವಳು ಗೆಲ್ಲಲಿಲ್ಲ ತಂಗಿ. ಅವಳು ಇಲ್ಲ, ಅಷ್ಟೇ. ಸಾಯುವ ವಿಧಾನವನ್ನೂ ಬಿಡಿಸಿ ಬರೆದಿದ್ದೀಯ. ಆತ್ಮಹತ್ಯೆಯ ಸುದ್ದಿಯಲ್ಲಿ ಅದನ್ನು ಬರೆಯಬಾರದು ಅಂತ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಹೇಳಿದೆ. ಕತೆಗೂ ಅದು ಬೇಡ. ಇಂಥ ಕತೆ ಯಾವತ್ತು ಅಚ್ಚಾದರೂ ಕೆಳಗೆ 14416 ಅನ್ನುವ ಸಂಖ್ಯೆ ಹಾಕುತ್ತೇನೆ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರ ನಡೆಸುವ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.

ಒಂದು ಸಣ್ಣ ತಿದ್ದುಪಡಿ. ನಿನ್ನ ಪಿಎಸ್ಐ ‘66ಎ ಹಾಕಿ ಜೈಲಿಗೆ ಕಳಿಸ್ತೀನಿ’ ಅನ್ನುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚಿನಲ್ಲೇ ರದ್ದು ಮಾಡಿತು. ನಕಲಿ ಖಾತೆಗೆ ಅದೇ ಕಾಯ್ದೆಯ 66ಸಿ, 66ಡಿ ಇವೆ. ಹುಡುಗರು ಹದಿನೇಳರವರು ಅಂತ ನೀನೇ ಬರೆದಿದ್ದೀಯ. ಹಾಗಾದರೆ ಅವರು ಹೋಗುವುದು ಬಾಲನ್ಯಾಯ ಮಂಡಳಿಯ ಮುಂದೆ.

ಮೂರನೇ ಪುಟದಲ್ಲಿ ರಬಕವಿಯಿಂದ ಚಿಗವ್ವ ಬರುತ್ತಾಳೆ, ಚಹಾ ಕುಡಿದು ಹೋಗಿಬಿಡುತ್ತಾಳೆ. ಮಗ್ಗದ ಕೆಲಸದವಳು, ಯಾರಿಗೂ ಹೆದರದವಳು ಅಂತ ಬರೆದಿದ್ದೀಯ. ಅಂಥವಳನ್ನು ಹಾಗೆ ಕಳಿಸಬೇಡ. ಕೊನೆಯ ಎರಡು ಪುಟ ಹರಿದು ಹಾಕು. ಹುಡುಗಿಯನ್ನು ಒಂದು ಭಾನುವಾರ ರಬಕವಿಯ ಬಸ್ಸು ಹತ್ತಿಸು. ಮೊಬೈಲು ನೋಡಿದ ಮೇಲೆ ಚಿಗವ್ವ ಮಗ್ಗ ನಿಲ್ಲಿಸಿ ಮೊದಲು ಏನು ಕೇಳಿದಳು ಅನ್ನುವುದನ್ನು ಬರೆದು ಕಳಿಸು. ಕಾಯುತ್ತಿರುತ್ತೇನೆ.